ಇನ್ನೂರ ಹನ್ನೊಂದನೇ ಪುಡಿ

ಇಂದ್ರಮ್ಮನನ್ನು ಕುರ್ಚಿಯ ಮೇಲೆ ಐದು ನಿಮಿಷ ಕೂರಿಸಿದವರು ಯಾರಾದರೂ ಇದ್ದರೆ ಅವರಿಗೆ ನಾನು ಕೈ ಮುಗಿಯುತ್ತೇನೆ. ಎರಡು ವರ್ಷ ಜೊತೆಯಲ್ಲಿ ಕೆಲಸ ಮಾಡಿದೆ, ನನ್ನಿಂದಂತೂ ಆಗಲಿಲ್ಲ. ಮಂಡ್ಯದ ನಮ್ಮ ಎರಡು ಕೋಣೆಯ ಆಫೀಸಿಗೆ ಬಂದರೆ ಬಾಗಿಲಲ್ಲೇ ನಿಲ್ಲುತ್ತಿದ್ದಳು. ಮಾತಿನ ನಡುವೆ ಕಿಟಕಿಗೆ ಹೋಗಿ ಬಸ್ಸು ಬಂತಾ ನೋಡುತ್ತಿದ್ದಳು. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಓಡಾಡುತ್ತಿದ್ದಳು.

"ಕೂತ್ಕೊಳೇ ಮಹರಾಯ್ತಿ, ನೋಡಿ ನೋಡಿ ನನಗೆ ತಲೆ ಸುತ್ತುತ್ತೆ" ಅಂದರೆ, "ಕೂತ್ರೆ ಕಾಲು ಜೋಮು ಇಡೀತದೆ ಕಣಮ್ಮ, ನೀವು ಕೇಳೋದು ಕೇಳ್ರಿ" ಅನ್ನುತ್ತಿದ್ದಳು.

ಹುಟ್ಟಿದ್ದು ಯಲಿಯೂರು. ಹದಿನೆಂಟಕ್ಕೆ ಕೊತ್ತತ್ತಿಗೆ ಮದುವೆಯಾಗಿ ಬಂದವಳು. ಎಸ್ಸೆಸ್ಸೆಲ್ಸಿ ಪಾಸು. ಗಂಡ ನಾಗರಾಜುಗೆ ಎರಡೂವರೆ ಎಕರೆ ನಾಲೆ ಬಯಲು, ಜೊತೆಗೆ ಊರಿನ ಡೈರಿಯಲ್ಲಿ ಹಾಲು ಅಳೆಯುವ ಕೆಲಸ. ಮನೆಯಲ್ಲಿ ಕೈತುಂಬ ಕೆಲಸವಿದ್ದರೂ ಇಂದ್ರಮ್ಮ ಪೋಲಿಯೋ ಹನಿಗೆ ಮಕ್ಕಳನ್ನು ಒಟ್ಟು ಮಾಡಿದಳು, ಜನಗಣತಿಯವರಿಗೆ ಮನೆ ತೋರಿಸಿದಳು, ಹೆಂಗಸರ ಸಂಘ ಕಟ್ಟಿ, ಅದರಲ್ಲಿ ಜಗಳವಾಡಿ, ಅದನ್ನು ಬಿಟ್ಟು ಇನ್ನೊಂದು ಕಟ್ಟಿದಳು. ನಲವತ್ತನಾಲ್ಕನೇ ವಯಸ್ಸಿಗೆ ನಮ್ಮ ಸಮೀಕ್ಷೆಗೆ ಬಂದಳು. ಸಂದರ್ಶನದಲ್ಲಿ ನಾನು ಮೊದಲನೇ ಪ್ರಶ್ನೆ ಕೇಳುವ ಮೊದಲೇ, "ಟ್ಯಾಬು ಕೊಡ್ತೀರೋ, ಕಾಗ್ದದಲ್ಲಿ ಬರೀಬೇಕೋ?" ಅಂತ ನನ್ನನ್ನೇ ಕೇಳಿದವಳು ಅವಳು.

ನನ್ನದೂ ಹೇಳಿಬಿಡುತ್ತೇನೆ. ನಾನು ಶ್ರೀಮತಿ, ವಯಸ್ಸು ಐವತ್ತಮೂರು. ಮಂಡ್ಯ ಪೇಟೆಯಲ್ಲಿ ಹುಟ್ಟಿ ಬೆಳೆದವಳು, ಮೇಷ್ಟ್ರ ಮಗಳು. ಇಪ್ಪತ್ತು ವರ್ಷ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸಂಖ್ಯಾಶಾಸ್ತ್ರ ಹೇಳಿ, ಸಾಕಪ್ಪಾ ಸಾಕು ಅಂತ ಈ ಯೋಜನೆಗೆ ಬಂದೆ. ಫಾರಂ ತಯಾರಿಸುವುದು, ಅಂಕಿ ಒಟ್ಟು ಮಾಡಿ ಬೆಂಗಳೂರಿಗೆ ಕಳಿಸುವುದು ನನ್ನ ಕೆಲಸ. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ.

ಯೋಜನೆ ಏನು ಅಂತ ಹೇಳದಿದ್ದರೆ ಮುಂದಿನ ರಂಪ ಅರ್ಥವಾಗುವುದಿಲ್ಲ. ನಮ್ಮ ಮೂರು ತಾಲ್ಲೂಕುಗಳಲ್ಲಿ, ಅಂದರೆ ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಹೊಲ, ಮನೆ, ಆಲೆಮನೆ ಎಲ್ಲ ಸೇರಿ ಜನ ಮುಟ್ಟುವ ರಾಸಾಯನಿಕಗಳು ನಮ್ಮ ಲೆಕ್ಕಕ್ಕೆ ಸಿಕ್ಕಿದ್ದು ಆರುನೂರ ನಲವತ್ತು. ಒಂದೊಂದನ್ನೂ ದೇಹಕ್ಕೆ ಕೆಟ್ಟದ್ದೋ ಅಲ್ಲವೋ ಅಂತ ಪೂರ್ತಿ ಪರೀಕ್ಷೆ ಮಾಡಲು ಒಂದೂವರೆ ವರ್ಷ ಬೇಕು. ನಲವತ್ತಕ್ಕಿಂತ ಹೆಚ್ಚು ಮಾಡುವ ಶಕ್ತಿ ಯೋಜನೆಗಿಲ್ಲ. ಹಾಗಾದರೆ ಯಾವ ನಲವತ್ತು? ಅದನ್ನು ಆರಿಸುವುದಕ್ಕೇ ನಾವಿದ್ದದ್ದು. ಬೆಂಗಳೂರಿನ ಲ್ಯಾಬಿನಲ್ಲಿ ಒಂದು ಯಂತ್ರವಿದೆ. ರಾಗಿಕಾಳಿನಷ್ಟು ಗುಳಿಗಳಿರುವ ತಟ್ಟೆಯಲ್ಲಿ ಜೀವಕೋಶಗಳನ್ನಿಟ್ಟು, ಒಂದೊಂದು ಗುಳಿಗೂ ಒಂದೊಂದು ರಾಸಾಯನಿಕದ ತೊಟ್ಟು ಬಿಟ್ಟು, ಕೋಶ ಹೇಗೆ ಆಡುತ್ತದೆ ಅಂತ ತಾನೇ ನೋಡಿ ಅಂಕ ಕೊಡುತ್ತದೆ. ಆರುನೂರ ನಲವತ್ತನ್ನೂ ಕೆಲವೇ ವಾರದಲ್ಲಿ ಮುಗಿಸಿತು. ಆದರೆ ಯಂತ್ರಕ್ಕೆ ಗೊತ್ತಾಗುವುದು ಪುಡಿ ಎಷ್ಟು ಚುರುಕು ಅನ್ನುವುದು ಮಾತ್ರ. ಆ ಪುಡಿಯನ್ನು ಯಾರು, ವರ್ಷಕ್ಕೆ ಎಷ್ಟು ದಿನ, ಬರಿಗೈಲಿ ಮುಟ್ಟುತ್ತಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದನ್ನು ಮನೆಮನೆಗೆ ಹೋಗಿ ತರುತ್ತಿದ್ದವಳು ಇಂದ್ರಮ್ಮ. ಯಂತ್ರದ ಅಂಕ, ಇಂದ್ರಮ್ಮನ ಅಂಕ, ಎರಡನ್ನೂ ಗುಣಿಸಿ ಸಾಲಾಗಿ ನಿಲ್ಲಿಸಿದರೆ ಮೊದಲ ನಲವತ್ತು ಪರೀಕ್ಷೆಗೆ ಹೋಗುತ್ತವೆ. ಉಳಿದವಕ್ಕೆ ಮುಂದಿನ ಸರದಿ, ಅಂದರೆ ಇನ್ನೈದು ವರ್ಷ.

ಜುಲೈ ಕೊನೆಯ ವಾರ, ನಾಲೆಗೆ ನೀರು ಬಿಟ್ಟಿದ್ದರು. ಅವತ್ತು ಕರಡು ಪಟ್ಟಿ ಬಂತು. ಇಂದ್ರಮ್ಮ ಓಡಾಡುತ್ತಲೇ ಕೇಳಿದಳು, "ನಮ್ ಕೆಂಪು ಪುಡಿ ಎಷ್ಟನೇದು?"

ಕೆಂಪು ಪುಡಿ ಅಂದರೆ ಕಬ್ಬಿನ ಬಿತ್ತನೆ ತುಂಡುಗಳಿಗೆ ಬೂಷ್ಟು ಹಿಡಿಯದಿರಲಿ ಅಂತ ಹಾಕುವ ಪುಡಿ. ಡ್ರಮ್ಮಿನ ನೀರಿಗೆ ಪುಡಿ ಕಲಸಿ, ತುಂಡುಗಳನ್ನು ಅದ್ದಿ, ಹತ್ತು ನಿಮಿಷ ಬಿಟ್ಟು, ಕೈಹಾಕಿ ಎತ್ತುತ್ತಾರೆ. ಹೆಂಗಸರ ಅಂಗೈ ಎರಡು ದಿನ ಗುಲಾಬಿ ಬಣ್ಣಕ್ಕಿರುತ್ತದೆ.

"ಇನ್ನೂರ ಹನ್ನೊಂದು" ಅಂದೆ.

ಇಂದ್ರಮ್ಮ ಕುರ್ಚಿ ಎಳೆದುಕೊಂಡು ಕೂತಳು. ನನಗೆ ದಿಗಿಲಾಯಿತು, ಯಾಕೆಂದರೆ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವಳ ಸೊಸೆ ಗಗನ, ಇಪ್ಪತ್ಮೂರರ ಹುಡುಗಿ. ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಗಿತ್ತು. ಎರಡೂ ಕಬ್ಬು ಹಾಕುವ ಕಾಲದಲ್ಲಿ. ಡಾಕ್ಟರು "ಕೆಲವರಿಗೆ ಹಾಗಾಗುತ್ತೆ" ಅಂದಿದ್ದರು. ಇರಬಹುದು. ಪುಡಿಯಿಂದಲೇ ಆಯಿತು ಅಂತ ಯಾರೂ ಹೇಳುವ ಹಾಗಿರಲಿಲ್ಲ, ನಾನೂ ಹೇಳುವುದಿಲ್ಲ. ಯಂತ್ರ ಮಾತ್ರ ಆ ಪುಡಿಗೆ ಹಾರ್ಮೋನಿನ ಸಾಲಿನಲ್ಲಿ ಒಂದು ಅನುಮಾನದ ಅಂಕ ಕೊಟ್ಟಿತ್ತು, ಅಷ್ಟೆ. ಈಗ ಗಗನಳಿಗೆ ಮತ್ತೆ ಐದನೇ ತಿಂಗಳು. ಡ್ರಮ್ಮಿನ ಹತ್ತಿರ ಸುಳಿಯಕೂಡದು ಅಂತ ಇಂದ್ರಮ್ಮ ಕಟ್ಟಾಜ್ಞೆ ಹಾಕಿದ್ದಳು. ಆ ಪುಡಿ ಪರೀಕ್ಷೆಗೆ ಹೋಗಬೇಕು, ಹೌದೋ ಅಲ್ಲವೋ ಒಂದು ಗೊತ್ತಾಗಬೇಕು. ಎರಡು ವರ್ಷ ಬಿಸಿಲಲ್ಲಿ ಸುತ್ತಿದ್ದೇ ಅದಕ್ಕೆ ಅಂತ ಅವಳು ಬಾಯಿಬಿಟ್ಟೇ ಹೇಳಿದ್ದಳು.

"ಇನ್ನೂರ ಹನ್ನೊಂದಾ? ನಮ್ಮೂರಲ್ಲಿ ಕೈ ಕೆಂಪಗಿಲ್ದೆ ಇರೋ ಎಂಗಸ್ರು ಯಾರವ್ರೆ ತೋರ್ಸಿ ನೋಡವ! ನಿಮ್ ಮಿಸಿನ್ನಿಗೆ ಏನು ಬಂದಿರೋದು ರೋಗ?"

"ಮಿಷನ್ನು ಸರಿಯಾಗೇ ಇದೆ. ನೀನು ತಂದ ಲೆಕ್ಕ ನೋಡು. ಒಬ್ಬೊಬ್ಬ ಹೆಂಗಸೂ ವರ್ಷಕ್ಕೆ ಬರೀ ಎರಡು ದಿನ ಮುಟ್ತಾಳೆ ಅಂತ ಬರೆದಿದ್ದೀಯ. ಎರಡೇ ದಿನ!"

"ಎರಡು ದಿನ ಅವರವರ ಒಲದ್ದು. ನಿಮ್ ಫಾರಮ್ಮಲ್ಲಿ ಅಂಗೇ ಕೇಳಿದ್ರಿ."

"ಅದರ ಕೆಳಗೇ ಕೇಳಿದೀನಲ್ಲ, ಬೇರೆಯವರ ಹೊಲಕ್ಕೆ ಕೆಲಸಕ್ಕೆ ಎಷ್ಟು ದಿನ ಹೋಗ್ತೀರಿ ಅಂತ? ಸೊನ್ನೆ, ಸೊನ್ನೆ, ಸೊನ್ನೆ. ಮುನ್ನೂರು ಫಾರಂನಲ್ಲಿ ಇನ್ನೂರ ಎಪ್ಪತ್ತು ಸೊನ್ನೆ!"

"ಮತ್ತೆ? ನಾವ್ಯಾಕೆ ಓಗವ ಬೇರೆಯೋರ ಒಲಕ್ಕೆ ಕೆಲ್ಸಕ್ಕೆ?" ಇಂದ್ರಮ್ಮನ ದನಿ ಏರಿತು. "ಕೂಲಿಗೋಗೋ ಮನೆಯೋರಾ ನಾವು? ನಾವು ಓಗೋದು ಮುಯ್ಯಿಗೆ."

ಹೇಳಿದವಳೇ ಕುರ್ಚಿಯಿಂದ ಎದ್ದಳು. ನಾನು ಆ ಸೊನ್ನೆಗಳ ಸಾಲನ್ನು ಮತ್ತೆ ನೋಡಿದೆ.

ಮುಯ್ಯಿ ಅಂದರೆ ಏನೂಂತ ನನಗೆ ಗೊತ್ತಿಲ್ಲದ್ದೇನಲ್ಲ. ಇವತ್ತು ನಾನು ನಿನ್ನ ಹೊಲದಲ್ಲಿ ಬಂದು ದುಡಿದರೆ ನಾಳೆ ನೀನು ನನ್ನ ಹೊಲಕ್ಕೆ ಬಂದು ತೀರಿಸಬೇಕು. ಹನ್ನೆರಡು ಮನೆ ಸೇರಿ ಒಂದು ಗುಂಪು, ಒಂದೊಂದು ಮನೆಯದು ಎರಡು ದಿನದ ಕಬ್ಬು ನಾಟಿ. ಅಂದರೆ ಒಬ್ಬೊಬ್ಬ ಹೆಂಗಸಿನ ಕೈ ಡ್ರಮ್ಮಿನಲ್ಲಿರುವುದು ಇಪ್ಪತ್ತನಾಲ್ಕು ದಿನ, ಎರಡಲ್ಲ. ಅದು ಸ್ವಂತ ಹೊಲದ ಕೆಲಸವೂ ಅಲ್ಲ, ಕೂಲಿಯೂ ಅಲ್ಲ. ಪೇಟೆಯ ನಾನು ಎರಡೇ ಕಾಲಂ ಮಾಡಿದ್ದೆ. ಹೊಲಮನೆಯಿರುವ ಹೆಂಗಸರು ಎರಡನೇ ಕಾಲಂ ಕಂಡು ಮುಖ ಸಿಂಡರಿಸಿ "ನಾವು ಓಗಕಿಲ್ಲ" ಅಂದಿದ್ದರು. ಇಂದ್ರಮ್ಮನೂ ಅದೇ ಮನೆತನದ ಬಿಗುಮಾನದಲ್ಲಿ, ಒಂದು ಸಲವೂ ಅನುಮಾನಪಡದೆ ಸೊನ್ನೆ ಬರೆದಿದ್ದಳು.

ಮೊದಲು ನಾನು ಅವಳ ಮೇಲೆ ಹರಿಹಾಯ್ದೆ. ಏನೇನೋ ಅಂದೆ. ಇಷ್ಟು ವರ್ಷ ಊರಲ್ಲಿದ್ದು ಇಷ್ಟೂ ಹೊಳೆಯಲಿಲ್ಲವಾ ಅಂದೆ. ಆಮೇಲೆ ರಾತ್ರಿಯೆಲ್ಲ ನನಗೇ ನಾಚಿಕೆಯಾಯಿತು. ಫಾರಂ ಯಾರದ್ದು? ನನ್ನದು.

ಬೆಳಿಗ್ಗೆ ಬೆಂಗಳೂರಿಗೆ ಫೋನ್ ಮಾಡಿದೆ. ಯೋಜನೆಯ ಮುಖ್ಯಸ್ಥರು ಜಯಪ್ರಕಾಶ್, ಒಳ್ಳೆಯವರು, ಆದರೆ ಅಂಕಿ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. "ಮೇಡಂ, ಅಂದಾಜಿಗೆ ಹನ್ನೆರಡರಿಂದ ಗುಣಿಸಿ ಅಂದರೆ ನಾನು ಒಪ್ಪೋದಿಲ್ಲ. ಅದೇ ಮುನ್ನೂರು ಹೆಂಗಸರನ್ನ ಮತ್ತೆ ಕೇಳಿ ತನ್ನಿ. ಹತ್ತನೇ ದಿನ ಬೆಳಿಗ್ಗೆ ಪಟ್ಟಿ ಮುಚ್ಚುತ್ತೆ" ಅಂದರು.

ಕೈಯಲ್ಲಿದ್ದದ್ದು ಒಂಬತ್ತು ದಿನ. ಇಂದ್ರಮ್ಮನಿಗೆ ಹೇಳಿದರೆ ಆಗಲೇ ಚಪ್ಪಲಿ ಮೆಟ್ಟಿದ್ದಳು.

ನನ್ನ ಸ್ಕೂಟಿ, ಹಿಂದೆ ಇಂದ್ರಮ್ಮ. ಬೆಳಿಗ್ಗೆ ಆರಕ್ಕೆ ಕೊತ್ತತ್ತಿಯಲ್ಲಿ ಅವಳನ್ನು ಹತ್ತಿಸಿಕೊಂಡರೆ ಕತ್ತಲಾದ ಮೇಲೆ ಇಳಿಸುವುದು. ಯಲಿಯೂರು, ಮದ್ದೂರು, ಶಿಂಷಾ ದಾಟಿ ಆ ಕಡೆಯ ಊರುಗಳು, ಅಲ್ಲಿಂದ ಮಳವಳ್ಳಿ. ಹಿಂದೆ ಕೂತು ಸುಮ್ಮನಿರುತ್ತಾಳಾ? "ಬಿರ್ನೆ ಓಡ್ಸಿ ಕಣಮ್ಮ, ಎತ್ತಿನ ಗಾಡಿ ಮುಂದಕ್ಕೋಗ್ತಾ ಅದೆ" ಅಂತ ನನ್ನ ಬೆನ್ನಿಗೆ ಗುದ್ದುತ್ತಿದ್ದಳು. ಎರಡು ಸಲ ನಿಲ್ಲಿಸಿ, ಇಳಿದು ನಡೆದುಕೊಂಡು ಬಾ ಅಂದೆ. ಇಳಿದು ನಡೆದೇಬಿಟ್ಟಳು, ಮತ್ತೆ ನಾನೇ ಕರೆದು ಹತ್ತಿಸಿಕೊಳ್ಳಬೇಕಾಯಿತು.

ಮದ್ದೂರಿನ ಹತ್ತಿರದ ಒಂದು ಊರಿನಲ್ಲಿ ಅಂಕಮ್ಮ ಅನ್ನುವ ಹಿರಿಯಾಕೆ, ಗುಲಾಬಿ ಅಂಗೈಯನ್ನು ಸೊಂಟಕ್ಕಿಟ್ಟು ನಿಂತು ನನಗೆ ಹೇಳಿದಳು, "ಓದ್ ಸಲವೇ ಯೇಳಿದ್ನಲ್ಲವ್ವಾ, ನಾವು ಯಾರ್ ಮನೆಗೂ ಕೆಲ್ಸಕ್ಕೋಗಕಿಲ್ಲ. ಎಷ್ಟು ಸಲ ಕೇಳೀರಿ?"

ನನ್ನ ಬಾಯಲ್ಲಿ ಏನು ಬರುತ್ತಿತ್ತೋ, ಇಂದ್ರಮ್ಮ ಮುಂದೆ ನುಗ್ಗಿದಳು. "ಕೆಲ್ಸ ಕೇಳ್ತಿಲ್ಲ ಕಣವ್ವ, ಮುಯ್ಯಿ ಕೇಳ್ತಾ ಇವ್ನಿ. ಯಾರ್ಯಾರ್ ಮನೆ ಕಬ್ಬಿಗೆ ಓಗಿದ್ದೆ ಯೇಳು."

"ಮುಯ್ಯಾ? ಅದ್ನ ಮೊದ್ಲೇ ಕೇಳಕ್ಕೇನು ದಾಡಿ ನಿಮ್ಗೆ?" ಅಂಕಮ್ಮ ಬೆರಳು ಮಡಿಸತೊಡಗಿದಳು. ನಾಗಯ್ಯನ ಮನೆಗೆ ಎರಡು, ಸ್ವಾಮಿ ಮನೆಗೆ ಎರಡು, ಮಳೆ ಬಂದು ಅರ್ಧಕ್ಕೆ ನಿಂತದ್ದು ಅರ್ಧ. ವರ್ಷದ ಎರಡು ನಾಟಿ ಕಾಲದ್ದು, ಒಂದೂ ತಪ್ಪದ ಹಾಗೆ ಹೇಳಿದಳು. ಬರೆದಿಟ್ಟ ಚೀಟಿಯಿಲ್ಲ, ಏನಿಲ್ಲ. ಇಪ್ಪತ್ತು ವರ್ಷ ಸಂಖ್ಯಾಶಾಸ್ತ್ರ ಹೇಳಿದವಳು ನಾನು, ಇಂಥ ಚೊಕ್ಕ ಅಂಕಿಗಳನ್ನು ಯಾವತ್ತೂ ಕಂಡಿರಲಿಲ್ಲ. ಅವಳದು ಇಪ್ಪತ್ತಾರೂವರೆ ದಿನ ಆಯಿತು.

ಆಮೇಲೆ ಹೊಸ ಪ್ರಶ್ನೆಗಳನ್ನು ಇಂದ್ರಮ್ಮನೇ ಸೇರಿಸಿದಳು. ಮುಯ್ಯಿಗೆ ಎಷ್ಟು ದಿನ? ಡ್ರಮ್ಮಿನ ಕೆಲಸವಾ, ನಾಟಿ ಕೆಲಸವಾ? ಒಂದು ಕೈಯಾ, ಎರಡು ಕೈಯಾ? ಎಲ್ಲೀತನಕ ಅದ್ದುತ್ತೀರಿ?

ಇದೆಲ್ಲದರ ನಡುವೆ ಅವಳ ಫೋನು ಗುಂಯ್ ಗುಂಯ್ ಅನ್ನುತ್ತಲೇ ಇತ್ತು. ಕೊತ್ತತ್ತಿಯಲ್ಲೂ ನಾಟಿ ಜೋರಾಗಿತ್ತು. ಅವಳ ಗುಂಪಿನವರು, ಅದರಲ್ಲೂ ಪಕ್ಕದ ಮನೆಯ ರೂಪ, ಕರೆಯ ಮೇಲೆ ಕರೆ. ಇಂದ್ರಮ್ಮನ ಮನೆಯ ಕಬ್ಬಿಗೆ ಜೂನ್ ಕೊನೆಯಲ್ಲೇ ಎಲ್ಲರೂ ಬಂದು ಹಾಕಿಕೊಟ್ಟಿದ್ದರು. ಇವಳು ಒಂದಷ್ಟು ತೀರಿಸಿದ್ದಳು, ಉಳಿದದ್ದು ತೀರಿಸುವ ಸರದಿ ಈಗ. "ಬತ್ತೀನಿ ಬುಡು, ಒಂಬತ್ತು ದಿನ ಬುಟ್ಟು ಎಲ್ಲರ್ದೂ ಒಟ್ಟಿಗೆ ತೀರುಸ್ತೀನಿ" ಅಂತ ಮೊದಲನೇ ದಿನ ಬೆಳಿಗ್ಗೆಯೇ ಎರಡು ಸಲ ಹೇಳಿದಳು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟಳು.

"ಹೋಗಿ ಒಂದು ದಿನ ಮುಖ ತೋರಿಸಿ ಬಾರೆ" ಅಂದೆ.

"ಮುಕ ತೋರ್ಸಿದ್ರೆ ಬುಡ್ತಾರಾ? ಅವ್ರ ಕಬ್ಬು ಇವತ್ತು ಅದೆ, ನಾಳೆ ಅದೆ. ಪಟ್ಟಿ ಮುಚ್ಚೋದ್ರೆ ಐದು ವರ್ಸ. ನಡೀರಿ, ನಡೀರಿ."

ನಾಲ್ಕನೇ ದಿನ ಹಿಂದೆ ಕೂತು, ತಾನಾಗಿ ಒಂದು ಮಾತು ಹೇಳಿದಳು. "ನಮ್ ಗಗನ ಕೈತುಂಬ ಗೋರಂಟಿ ಅಚ್ಕೊಂಡವ್ಳೆ ಕಣಮ್ಮ. ಆಸಾಡ ಅಲ್ವಾ. ನಾನು ಒತ್ತಾರೆ ಓದ್ರೆ ಕತ್ಲಿಗೆ ಬರೋದು, ಒಬ್ಳೇ ಬೇಜಾರು ಪಾಪ. ಎಷ್ಟು ಸಂದಾಗದೆ ಗೊತ್ತಾ ಕೈಗೆ!" ನಾನು ಹೂಂ ಅಂದೆ. ಮಳವಳ್ಳಿ ರಸ್ತೆಯಲ್ಲಿ ಲಾರಿಯೊಂದು ಅಡ್ಡ ಬಂದಿತ್ತು, ನನ್ನ ಗಮನವೆಲ್ಲ ಅದರ ಮೇಲಿತ್ತು.

ಒಂಬತ್ತನೇ ದಿನ ಸಂಜೆ ಐದಕ್ಕೆ ಮುನ್ನೂರನೇ ಫಾರಂ ಹೋಯಿತು. ಸರಾಸರಿ ಎರಡಲ್ಲ, ಇಪ್ಪತ್ತೆರಡು ದಿನ. ಮಾರನೇ ಬೆಳಿಗ್ಗೆ ಒಂಬತ್ತೂವರೆಗೆ ಜಯಪ್ರಕಾಶ್ ಫೋನ್ ಮಾಡಿದರು. "ಮೇಡಂ, ನಿಮ್ಮ ಪುಡಿ ಮೇಲೆ ಬಂತು. ಮೂವತ್ತೆಂಟು."

ಅಯ್ಯೋ, ನಾನು ಆಫೀಸಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ! ಫೋನ್ ಮಾಡಿದರೆ ಇಂದ್ರಮ್ಮ ಎತ್ತಲಿಲ್ಲ. ಅರ್ಧ ಕೆಜಿ ಮೈಸೂರುಪಾಕು ಕಟ್ಟಿಸಿಕೊಂಡು ಕೊತ್ತತ್ತಿಗೆ ಸ್ಕೂಟಿ ಓಡಿಸಿದೆ.

ನಾಲೆ ಏರಿಯ ಮೇಲೆ ಸಿಕ್ಕಳು. ಸೀರೆ ಎತ್ತಿ ಕಟ್ಟಿ, ತಲೆಗೆ ಟವೆಲ್ಲು ಸುತ್ತಿ, ರೂಪಳ ಹೊಲಕ್ಕೆ ಮುಯ್ಯಿ ತೀರಿಸಲು ಹೊರಟಿದ್ದಳು. ಸ್ಕೂಟಿ ನಿಲ್ಲಿಸುವ ಮೊದಲೇ ಕೂಗಿದೆ, "ಮೂವತ್ತೆಂಟು ಕಣೇ!"

ನನ್ನನ್ನು ತಬ್ಬಿಕೊಂಡು ಬಿಟ್ಟಳು. ಸ್ಕೂಟಿ ಸಮೇತ ಇಬ್ಬರೂ ನಾಲೆಗೆ ಬೀಳದಿದ್ದದ್ದು ಪುಣ್ಯ. ಅತ್ತಳು, ನಕ್ಕಳು, ಮೈಸೂರುಪಾಕಿನ ಪೊಟ್ಟಣ ಕಿತ್ತುಕೊಂಡು ಹೊಲಕ್ಕೆ ಇಳಿದಳು. ಅಲ್ಲಿದ್ದ ಹೆಂಗಸರ ಬಾಯಿಗೆಲ್ಲ ತಾನೇ ತುರುಕಿದಳು. "ತಿನ್ರೇ, ನಿಮ್ ಕೈಯಿನ ಲೆಕ್ಕ ಬೆಂಗ್ಳೂರ್ ತಂಕ ಓಯ್ತು! ಬೈಕೋಬ್ಯಾಡಿ, ಇವತ್ತಿಂದ ಎಲ್ಲಾರ ಮುಯ್ಯೂ ತೀರುಸ್ತೀನಿ" ಅಂದವಳೇ ಡ್ರಮ್ಮಿನ ಕಡೆ ನಡೆದಳು.

ರೂಪ ಮೈಸೂರುಪಾಕು ಅಗಿಯುತ್ತಾ ಹೇಳಿದಳು, "ನೀನ್ಯಾಕಕ್ಕ ಬಂದೆ? ನಿಮ್ ಮನೇದೆಲ್ಲಾ ಬಾಕಿ ಇದ್ದುದ್ದು ನೆನ್ನೆಗೇ ತೀರೋಯ್ತಲ್ಲ. ಗಗನ ಬಂದಿದ್ಲಲ್ಲ ಒಂಬತ್ ದಿನವೂ."

ಇಂದ್ರಮ್ಮ ನಿಂತಲ್ಲೇ ನಿಂತಳು.

"ಬಸುರಿ ಎಂಗಸು ಬಗ್ಗಿ ನಾಟಿ ಮಾಡಾದು ಬ್ಯಾಡ ಅಂತ ನಾವೇ ಅಂದೋ" ರೂಪ ಹೇಳುತ್ತಲೇ ಇದ್ದಳು. "ಸುಲುಬುದ್ ಕೆಲ್ಸ ಕೊಟ್ಟೋ ಅಕ್ಕ. ಡ್ರಮ್ಮಿನ ತಾವ ನಿಂತ್ಕೊಂಡು ತುಂಡು ಅದ್ದಿಕೊಡು ಸಾಕು ಅಂದೋ. ಒಂದಿನವೂ ಬಗ್ಗುಸ್ಲಿಲ್ಲ ನಾವು."

ಅವಳ ಮುಖದಲ್ಲಿ ಕಪಟವೇನೂ ಇರಲಿಲ್ಲ. ಬಸುರಿಗೆ ಮಾಡುವ ಉಪಚಾರವನ್ನೇ ಮಾಡಿದ್ದರು.

ಮನೆತನಕ ಇಂದ್ರಮ್ಮ ಓಡಿದಳು. ನಾನು ಸ್ಕೂಟಿಯನ್ನು ಅಲ್ಲೇ ಬಿಟ್ಟು ಹಿಂದೆ ಓಡಿದೆ. ಗಗನ ಜಗಲಿಯ ಮೇಲೆ ಕೂತು ಅವರೆಬೇಳೆ ಆರಿಸುತ್ತಿದ್ದಳು. ಇಂದ್ರಮ್ಮ ಅವಳ ಎರಡೂ ಕೈ ಹಿಡಿದು ತಿರುಗಿಸಿದಳು. ಗೋರಂಟಿ ಬೆರಳ ತುದಿಗೆ, ಅಂಗೈ ನಡುವೆ ಹಚ್ಚಿತ್ತು. ಮುಂಗೈ ದಾಟಿ ಮೇಲಕ್ಕೆ ಹೋಗಿದ್ದ ಬಣ್ಣ ಗೋರಂಟಿಯದಲ್ಲ, ನಾವು ಒಂಬತ್ತು ದಿನ ಮುನ್ನೂರು ಕೈಗಳ ಮೇಲೆ ನೋಡಿಬಂದಿದ್ದ ಅದೇ ಗುಲಾಬಿ.

"ಮುಟ್ಬ್ಯಾಡ ಅಂದಿದ್ನಲ್ಲೇ! ಡ್ರಮ್ಮಿನ ತಾವ ಸುಳೀಬ್ಯಾಡ ಅಂದಿದ್ನಲ್ಲೇ ನಿಂಗೆ!"

"ನೀವು ಫೋನ್ ಎತ್ತಲಿಲ್ಲ" ಅಂದಳು ಗಗನ, ಕೈ ಬಿಡಿಸಿಕೊಳ್ಳದೆ. "ರೂಪಕ್ಕ ಮನೆತಾವ ಬಂದು ಕೇಳುದ್ರು. ಇವ್ರ ಮನೆಯೋರು ಮುಯ್ಯಿ ತೀರ್ಸಲಿಲ್ಲ ಅಂತ ಊರೆಲ್ಲಾ ಅನ್ನುಸ್ಕೊಳ್ಳಾದಾ? ಮುಂದಿನ್ ಸಲ ನಮ್ಮೊಲಕ್ಕೆ ಯಾರತ್ತೆ ಬಂದಾರು? ನೀವು ಆ ಪುಡೀಗೋಸ್ಕರನೇ ಸುತ್ತುತಾ ಇದ್ರಿ, ನಿಮ್ಗೆ ಯೇಳುದ್ರೆ ಬುಟ್ಟು ಬಂದ್ಬುಡ್ತೀರಿ ಅಂತ ಗೋರಂಟಿ ಅಚ್ಕೊಂಡೆ."

ಇಂದ್ರಮ್ಮ ಚೊಂಬಿನಲ್ಲಿ ನೀರು ತಂದಳು, ಹುಣಸೆಹಣ್ಣು ತಂದಳು, ಸೋಪು ತಂದಳು. ಉಜ್ಜಿದಳು, ಉಜ್ಜಿದಳು. ಗಗನ "ಉರೀತದೆ ಅತ್ತೆ" ಅನ್ನುವ ತನಕ ಉಜ್ಜಿದಳು. ಬಣ್ಣ ಹೋಗಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಅಂತ ಕೇಳಿದರೆ ಹೇಳಲಾರೆ.

ಸೋಪಿನ ಕೈಯಲ್ಲೇ ಇಂದ್ರಮ್ಮ ನನ್ನ ಕಡೆ ತಿರುಗಿದಳು. "ಪರೀಕ್ಸೆ ಮುಗ್ಯೋದು ಯಾವಾಗ?"

ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು. "ಒಂದೂವರೆ ವರ್ಷ" ಅಂದೆ.

ಅವಳು ಗಗನಳ ಹೊಟ್ಟೆ ನೋಡಿದಳು. ಬೆರಳು ಮಡಿಸಲಿಲ್ಲ, ಲೆಕ್ಕ ಹಾಕುವ ಅಗತ್ಯ ಇರಲಿಲ್ಲ. ಆಮೇಲೆ ಸೋಪು ಕೆಳಗಿಟ್ಟು ಸೊಸೆಯ ಪಕ್ಕ ಜಗಲಿಯ ಮೇಲೆ ಕೂತಳು.

"ಫಾರಂ ತೆಗೀರಿ."

"ಇಂದ್ರಮ್ಮ, ಪಟ್ಟಿ ಮುಚ್ಚಿತು ಕಣೇ. ಇನ್ನು ಬರೆದರೂ ಎಲ್ಲಿಗೂ ಹೋಗಲ್ಲ."

"ತೆಗೀರಿ ಅಂದೆ ಕಣಮ್ಮ."

ಟ್ಯಾಬು ತೆಗೆದೆ. ಹೆಸರು ಗಗನ, ಊರು ಕೊತ್ತತ್ತಿ, ವಯಸ್ಸು ಇಪ್ಪತ್ಮೂರು. ಅಷ್ಟನ್ನು ನಾನೇ ತುಂಬಿದೆ. ಉಳಿದದ್ದನ್ನು ಇಂದ್ರಮ್ಮನೇ ಕೇಳಿದಳು, ಮದ್ದೂರಿನಲ್ಲಿ ಅಂಕಮ್ಮನನ್ನು ಕೇಳಿದ ಅದೇ ದನಿಯಲ್ಲಿ.

"ಮುಯ್ಯಿಗೆ ಎಷ್ಟು ದಿನ ಓಗಿದ್ದೆ?"

"ಒಂಬತ್ತು."

"ಡ್ರಮ್ಮಾ, ನಾಟಿಯಾ?"

"ಡ್ರಮ್ಮು."

"ಒಂದ್ ಕೈಯಾ, ಎರಡೂನಾ?"

ಗಗನ ಅತ್ತೆಯ ಮುಖ ನೋಡಿದಳು. "ಎರಡೂ" ಅಂದಳು, "ಮೊಣಕೈ ತಂಕ."

ನಾನು ಬರೆದುಕೊಂಡೆ.